ಅನುಮಾನ ಬಂದರೆ ಅಳಿಸಿ

ನೆಜಾದನ ಹತ್ತಿರ ಹಳೆಯ ಫೋನ್ ಇರಲಿಲ್ಲ.

ಮೊದಲು ಮೂರು ಇದ್ದವು. ಒಂದರ ಬ್ಯಾಟರಿ ಊದಿಕೊಂಡು ಬೆನ್ನು ಬಿರಿಯಿತು. ಉಳಿದೆರಡನ್ನು ಅವನೇ ಗಡಿಯ ಹತ್ತಿರ ನಮಗಾಗಿ ದಾಖಲೆ ಕೂಡಿಸುವ ಹೆಂಗಸರಿಗೆ ಕೊಟ್ಟುಬಿಟ್ಟ. ಅವರ ಹತ್ತಿರ ಅದೂ ಇರಲಿಲ್ಲ. ಆಮೇಲೆ ನಮ್ಮ ಆ್ಯಪನ್ನು ತಿದ್ದಿದಾಗಲೆಲ್ಲ ಅವನು ತನ್ನ ಹೊಸ ಫೋನಿನಲ್ಲೂ ನನ್ನದರಲ್ಲೂ ಓಡಿಸಿ ನೋಡುತ್ತಿದ್ದ.

ಗಡಿಗೆ ಹತ್ತಿರದ ಬಿಹಾಚ್ ಊರಿನಲ್ಲಿ ಟೈರ್ ಅಂಗಡಿಯ ಮೇಲಿನ ಕೋಣೆಯಲ್ಲಿ ನಾವಿಬ್ಬರೇ ಉಳಿದಿದ್ದೆವು. ಆ್ಯಪ್ ಹೊರಗಿನಿಂದ ಬರೀ ಕ್ಯಾಲ್ಕುಲೇಟರ್. ಗೊತ್ತಿರುವ ಅಂಕಿ ಒತ್ತಿದರೆ ಒಳಗೆ ಬೀಗ ಹಾಕಿದ ಪೆಟ್ಟಿಗೆ ತೆರೆಯುತ್ತದೆ. ಗಡಿ ದಾಟಲು ಹೋಗಿ ಏಟು ತಿಂದು ವಾಪಸಾದವರ ಫೋಟೋ, ಹೇಳಿಕೆ ಎಲ್ಲ ಅದರಲ್ಲಿ. ಎಲ್ಲಿ ತೆಗೆದದ್ದು, ಯಾವಾಗ ತೆಗೆದದ್ದು ಎನ್ನುವುದು ಜೊತೆಗೇ ಮುದ್ರೆಯಾಗುತ್ತದೆ. ಕೋರ್ಟಿಗೆ ಬೇಕಾದ್ದು ಆ ಮುದ್ರೆ.

ದುಡ್ಡು ಕೊಡುತ್ತಿದ್ದ ಸಂಸ್ಥೆ ಬೇರೊಂದು ಯುದ್ಧದ ಕಡೆ ಹೋಯಿತು. ಅವರ ಮೇಲೆ ಸಿಟ್ಟಿಲ್ಲ. ಸಂಕಟಗಳಿಗೂ ಸರದಿ ಇರುತ್ತದೆ, ನಮ್ಮ ಸರದಿ ಮುಗಿದಿತ್ತು. ಸರ್ವರ್ ಮುಚ್ಚಿದೆವು. ಅಂದಿನಿಂದ ದಾಖಲೆಗಳು ಫೋನುಗಳಲ್ಲೇ ಉಳಿದವು. ಹೆಂಗಸರು ಬಸ್ಸು ಹತ್ತಿ ಬಂದು ನಮ್ಮ ಕಂಪ್ಯೂಟರಿಗೆ ಇಳಿಸಿ ಹೋಗಬೇಕಾಗಿತ್ತು. ನೆಜಾದ್ ಹಗಲು ಹೊತ್ತು ಕಿಟಕಿ ಮಾರುವವರ ವೆಬ್‌ಸೈಟ್ ನೋಡಿಕೊಳ್ಳುತ್ತಿದ್ದ, ಸಂಜೆ ಬಂದು ಇದನ್ನು. ಸಹಾಯ ಕೇಳಿ ಬರುವ ಸಂದೇಶಗಳಿಗೆ ನಾನು ಉತ್ತರ ಬರೆಯುತ್ತಿದ್ದೆ. ನಿಲ್ಲಿಸಬೇಕು ಎಂದು ಇಬ್ಬರಿಗೂ ಅನ್ನಿಸುತ್ತಿತ್ತು. ಮೊದಲು ಬಾಯಿ ಬಿಡುವವರು ಯಾರು ಎನ್ನುವುದೊಂದೇ ಬಾಕಿ.

ಆ ಹೆಂಗಸರಲ್ಲೊಬ್ಬಳಾದ ರಾಸೆಮಾ ಇದ್ದದ್ದು ವೆಲಿಕಾ ಕ್ಲಾದುಶಾ ಎಂಬ ಗಡಿಯೂರಿನಲ್ಲಿ. ಶಾಲೆಯ ಅಡುಗೆಮನೆಯಲ್ಲಿ ದುಡಿದು ನಿವೃತ್ತಳಾದ ಹೆಂಗಸು. ಗಡಿ ದಾಟಲು ಬಂದು ಪಾಳುಬಿದ್ದ ಕಾರ್ಖಾನೆಯಲ್ಲಿ ಮಲಗುವವರಿಗೆ ಹುರುಳಿಕಾಯಿ ಸಾರು, ಬ್ರೆಡ್ಡು ಕೊಡುತ್ತಿದ್ದಳು. ಅವರು ಉಣ್ಣುವಾಗ ಕೇಳಿಸಿಕೊಂಡದ್ದನ್ನು ಫೋನಿಗೆ ತುಂಬಿಸುತ್ತಿದ್ದಳು. ಹಶ್ಮತ್ ಎಂಬ ಅಫ್ಘಾನಿಸ್ತಾನದವನ ಹೇಳಿಕೆಯನ್ನೂ ಹಾಗೆಯೇ ತೆಗೆದುಕೊಂಡಿದ್ದಳು. ಗಡಿಯ ಹೊಳೆಯ ಆಚೆ ದಡದಲ್ಲಿ ಮುಖ ಮುಚ್ಚಿಕೊಂಡವರು ಅವನ ತಮ್ಮನನ್ನು ನೀರಿಗೆ ತಳ್ಳಿದ್ದರು. ತಮ್ಮನಿಗೆ ಈಜು ಬರುತ್ತಿರಲಿಲ್ಲ. ಹಶ್ಮತ್ ಕಣ್ಣಾರೆ ಕಂಡಿದ್ದ. ಅವನ ಬೆನ್ನಿನ ಮೇಲೆ ಬಾಸುಂಡೆಗಳಿದ್ದವು. ನಮ್ಮ ಜೊತೆ ಕೆಲಸ ಮಾಡುವ ವಕೀಲೆ ದೂರು ಸಿದ್ಧ ಮಾಡಿಕೊಂಡು ಕೂತಿದ್ದರು, ಗಡುವು ಸೋಮವಾರಕ್ಕೆ. ಹಶ್ಮತ್ ಮತ್ತೆ ಗಡಿ ದಾಟಲು ಹೋಗಿದ್ದ, ಅವನ ಫೋನ್ ಬಂದ್ ಆಗಿತ್ತು. ಉಳಿದಿದ್ದು ರಾಸೆಮಾಳ ಫೋನಿನಲ್ಲಿದ್ದ ಹಶ್ಮತ್ ಮಾತ್ರ. ಗುರುವಾರದ ಬಸ್ಸಿಗೆ ಬರುತ್ತೇನೆ ಎಂದಿದ್ದಳು.

ಅದೇ ವಾರ ಆ್ಯಪ್ ಸ್ಟೋರ್‌ನಿಂದ ಎಚ್ಚರಿಕೆ ಬಂತು. ಹೊಸ ನಿಯಮಕ್ಕೆ ಹೊಂದಿಸದಿದ್ದರೆ ಆ್ಯಪನ್ನು ತೆಗೆದುಹಾಕುತ್ತಾರಂತೆ. ನೆಜಾದ್ ಹೊಂದಿಸಿದ. ನಮ್ಮ ಎರಡೂ ಫೋನುಗಳಲ್ಲಿ ತೆರೆಯಿತು. ಬುಧವಾರ ಬಿಡುಗಡೆ ಮಾಡಿದ.

ಗುರುವಾರ ಬೆಳಗ್ಗೆ ರಾಸೆಮಾ ಫೋನ್ ಮಾಡಿದಳು. ಆ್ಯಪ್ ತೆರೆದರೆ ಬರೀ ಬಿಳಿ ಪರದೆಯಂತೆ. ಹಿಂದಿನ ವಾರ ಪೊಲೀಸರು ಅವಳ ಫೋನನ್ನು ಒಂದು ಗಂಟೆ ಇಟ್ಟುಕೊಂಡು ವಾಪಸ್ ಕೊಟ್ಟಿದ್ದರು. ಏನೋ ತುರುಕಿದ್ದಾರೆ ಎಂದು ಅವಳಿಗೆ ಖಾತ್ರಿಯಾಯಿತು. ಪ್ರತಿ ತರಬೇತಿಯಲ್ಲೂ ನಾವು ಹೇಳುತ್ತಿದ್ದುದು ಒಂದೇ ಮಾತು: ಆ್ಯಪ್ ವಿಚಿತ್ರವಾಗಿ ಆಡಿದರೆ ಯೋಚಿಸುತ್ತ ಕೂರಬೇಡಿ, ಅಳಿಸಿ. ಒಳಗಿರುವವರ ಹೆಸರು ಬೇರೆಯವರ ಕೈಗೆ ಸಿಗುವುದಕ್ಕಿಂತ ಇಲ್ಲವಾಗುವುದು ಮೇಲು.

"ಅಳಿಸಿದೆ. ನೀವು ಹೇಳ್ಕೊಟ್ಟ ಹಾಗೇ. ಕೈಯೂ ನಡುಗ್ಲಿಲ್ಲ," ಎಂದಳು.

ಬಸ್ಸಿಗೆ ಬನ್ನಿ ತೇತಾ, ಎಂದೆ; ಚಿಕ್ಕಮ್ಮ ಎನ್ನುವಂತೆ ಅವಳನ್ನು ಹಾಗೇ ಕರೆಯುತ್ತಿದ್ದೆವು.

ಮಧ್ಯಾಹ್ನ ಬಂದಳು. ಚೀಲದಲ್ಲಿ ನಮಗೆಂದು ಆಲೂಗಡ್ಡೆ ತುಂಬಿ ಬೇಯಿಸಿದ ಪೀತಾ ರೊಟ್ಟಿ ತಂದಿದ್ದಳು. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ, ಈ ಕೋಣೆ ಪ್ರತಿ ಸಲವೂ ಇನ್ನೊಂದು ಮಹಡಿ ಮೇಲೆ ಹೋಗಿರುತ್ತೆ ಎಂದಳು. ನೆಜಾದ್ ಕೆಲಸಕ್ಕೆ ರಜೆ ಹಾಕಿ ಬಂದಿದ್ದ. ಅವಳ ಫೋನನ್ನು ಕಂಪ್ಯೂಟರಿಗೆ ಸಿಕ್ಕಿಸಿ, ಆ್ಯಪನ್ನು ಮತ್ತೆ ಹಾಕಿ ತೆರೆದ. ಅದೇ ಬಿಳಿ ಪರದೆ. ಒಂದು ಸಿಗರೇಟ್ ಸೇದುವಷ್ಟರಲ್ಲಿ ತಪ್ಪು ಸಿಕ್ಕಿತು. ಪೊಲೀಸರು ಏನೂ ತುರುಕಿರಲಿಲ್ಲ. ಹೊಸ ಅಪ್‌ಡೇಟ್ ಅವಳದರಂಥ ಹಳೆಯ ಫೋನಿನಲ್ಲಿಲ್ಲದ ಸೌಲಭ್ಯವನ್ನು ಕೇಳುತ್ತಿತ್ತು.

ಸುಮ್ಮನಿರು ಎಂದು ನಾನು ಕಣ್ಣಲ್ಲೇ ಹೇಳಿದೆ. ಅವನು ಕೇಳಲಿಲ್ಲ. ಬಿಳಿ ಪರದೆಯ ಹಿಂದೆ ಎಲ್ಲವೂ ಇದ್ದ ಹಾಗೇ ಇತ್ತು, ನಾಳೆಯವರೆಗೆ ಬಿಟ್ಟಿದ್ದರೆ ತೆರೆಯುತ್ತಿತ್ತು, ತಪ್ಪು ತನ್ನದು ಎಂದು ಬಿಡಿಸಿ ಹೇಳಿದ.

ರಾಸೆಮಾ ಕಾಫಿಗೆ ಸಕ್ಕರೆ ತುಂಡು ಅದ್ದುತ್ತ ಕೇಳಿಸಿಕೊಂಡಳು.

"ಈಗ ತೆಗಿ ಮಗನೇ," ಎಂದಳು.

"ಆಗಲ್ಲ ತೇತಾ. ಆ್ಯಪ್ ಜೊತೆ ಕೀಲೀನೂ ಹೋಯ್ತು."

"ನೀನೇ ಮಾಡಿದ ಬೀಗ. ನಿನ್ನ ಹತ್ರ ಇನ್ನೊಂದು ಕೀಲಿ ಇಲ್ವಾ?"

"ಇರಬಾರ್ದು ಅಂತಾನೇ ಮಾಡಿದ್ದು. ನನ್ನ ಹಿಡ್ಕೊಂಡು ಹೊಡೆದ್ರೂ ಕೊಡೋಕಾಗಬಾರ್ದು ಅಂತ."

"ಈಗ ಯಾರೂ ಹೊಡೀತಿಲ್ವಲ್ಲ," ಎಂದಳು ರಾಸೆಮಾ.

ನೆಜಾದ್ ಅವಳ ಫೋನಿನ ತಂತಿ ಬಿಚ್ಚಿ ಮೇಜಿನ ಮೇಲಿಟ್ಟ.

ಹಶ್ಮತ್ ಹೇಳಿದ್ದೆಲ್ಲ ಅವಳಿಗೆ ಬಾಯಿಪಾಠವಾಗಿತ್ತು. ತಮ್ಮನ ಜಾಕೆಟ್ಟಿನ ಬಣ್ಣ, ತಳ್ಳಿದವರಲ್ಲಿ ಒಬ್ಬ ಶೀಟಿ ಹೊಡೆಯುತ್ತಿದ್ದದ್ದು, ಎಲ್ಲ. ಬರೆದುಕೊಳ್ಳಿ, ಸಹಿ ಹಾಕುತ್ತೇನೆ ಎಂದಳು. ನಾನು ವಕೀಲೆಗೆ ಫೋನ್ ಮಾಡಿದೆ. ಕಂಡವನ ಮಾತೂ ಇಲ್ಲ, ಮುದ್ರೆಯೂ ಇಲ್ಲ, ಕೇಳಿದವಳ ನೆನಪನ್ನು ಹಿಡಿದುಕೊಂಡು ದೂರು ನಿಲ್ಲುವುದಿಲ್ಲ ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದನ್ನು ಕೇಳುವುದೇ ಹೆಚ್ಚು ಕಷ್ಟವಾಯಿತು.

ಸಂಜೆಯೊಳಗೆ ನೆಜಾದ್ ಅಪ್‌ಡೇಟ್ ಸರಿಮಾಡಿದ. ಅದು ಎಲ್ಲರ ಫೋನಿಗೂ ಮುಟ್ಟಲು ಇನ್ನೂ ಒಂದು ದಿನ ಬೇಕಿತ್ತು. ಅಷ್ಟರಲ್ಲಿ ಬೇರೆ ಯಾರೂ ಅಳಿಸದಿರಲಿ ಎಂದು ನಾನು ಸಂದೇಶ ಬರೆದೆ: ಬಿಳಿ ಪರದೆ ನಮ್ಮ ತಪ್ಪಿನಿಂದ ಬಂದದ್ದು, ಗಾಬರಿಯಾಗಬೇಡಿ, ಅಳಿಸಬೇಡಿ. ಕಳಿಸುವ ಮೊದಲು ರಾಸೆಮಾಳಿಗೆ ಓದಿ ಹೇಳಿದೆ.

"ನನಗೆ ಇದು ಬಂದಿದ್ರೆ ಇನ್ನೂ ಬೇಗ ಅಳಿಸ್ತಿದ್ದೆ," ಎಂದಳು. "ಫೋನಿಗೆ ಕೈ ಹಾಕಿದವರೂ ಹೀಗೇ ತಾನೇ ಬರೆಯೋದು?"

ಅವಳ ಮಾತು ಸರಿಯಾಗಿತ್ತು. ಹಾಗೆ ಅನುಮಾನಿಸಲು ಕಲಿಸಿದವರು ನಾವೇ. ಸಂದೇಶ ಕಳಿಸಲಿಲ್ಲ. ದನಿ ಗುರುತಿರುವವರಿಗೆ ಒಬ್ಬೊಬ್ಬರಿಗೇ ಫೋನ್ ಮಾಡುತ್ತ ಕೂತೆ. ಕೆಲವರು ಎತ್ತಿದರು. ಕೊನೆಯ ಬಸ್ಸಿಗೆ ರಾಸೆಮಾಳನ್ನು ಬಿಟ್ಟು ಬರಲು ನೆಜಾದ್ ಹೋದ. ಆ್ಯಪ್ ಇಟ್ಟುಕೊಳ್ಳುತ್ತೀರಾ ಎಂದು ಅವನು ಕೇಳಿದನಂತೆ. ಇಟ್ಟುಕೊಳ್ಳುತ್ತೇನೆ, ಕಾರ್ಖಾನೆಗೆ ಇವತ್ತೂ ಜನ ಬಂದಿರುತ್ತಾರೆ ಎಂದಳಂತೆ.

ಸೋಮವಾರ ಕಳೆಯಿತು. ದೂರು ದಾಖಲಾಗಲಿಲ್ಲ.

ರಾಸೆಮಾಳ ಫೋನಿನಿಂದ ಹೋದದ್ದು ಹಶ್ಮತ್‌ನ ಒಂದು ಹೇಳಿಕೆ, ಅವನ ಬೆನ್ನಿನ ಹನ್ನೊಂದು ಫೋಟೋ, ಹೊಳೆಯ ದಡದ ಎರಡು ವಿಡಿಯೊ, ಬೇರೆ ಐದು ಜನರ ಹೇಳಿಕೆ. ಉಳಿದ ಊರುಗಳಲ್ಲಿ ಇನ್ನೂ ಮೂವರು ಅಳಿಸಿದ್ದರು.