ನಾಲ್ಕನೇ ನಂಬರಿನ ಕೊನೆಯ ಕಾಲು ಗಂಟೆ

ಬಕೆಟ್ಟಿನಿಂದ ಎತ್ತಿದ ಅಂಗಿಯನ್ನು ಹಿಂಡುತ್ತಿದ್ದವಳ ಕೈ ಅರ್ಧಕ್ಕೇ ನಿಂತಿತು.

"ಅಮ್ಮಾ, ತಾತನ ಅಂಗಿ ಯಾಕೆ ಒಗೀತಿದ್ದೀಯ?"

ಬಚ್ಚಲ ಬಾಗಿಲಲ್ಲಿ ಎಂಟು ವರ್ಷದ ಮಗಳು ನಿಂತಿದ್ದಳು. ನಿನ್ನೆ ಬೆಳಿಗ್ಗೆ ನೆನೆಹಾಕಿದ ಬಟ್ಟೆ ಅದು. ಮಧ್ಯಾಹ್ನದ ಹೊತ್ತಿಗೆ ಅಂಗಿಯ ಒಡೆಯನೇ ಇರಲಿಲ್ಲ. ಈಗ ಅಪ್ಪ ನಡುಮನೆಯಲ್ಲಿ ಬಿಳಿ ಹೊದಿಕೆಯಡಿ ಮಲಗಿದ್ದರು. ವ್ಯಾನು ಹನ್ನೊಂದಕ್ಕೆ ಬರುವುದಿತ್ತು.

"ಹಾಗೇ ಬಿಟ್ರೆ ವಾಸನೆ ಬರುತ್ತೆ ಪುಟ್ಟಿ."

"ಇನ್ನೊಂದು ಕೇಳ್ಲಾ? ತಾತನ ಪುಸ್ತಕದಲ್ಲಿ..."

"ಈಗ ಬೇಡ ಕಂದಾ. ಹೋಗು, ಬಂದೋರಿಗೆ ನೀರು ಕೊಡು."

ನಡುಮನೆಯಲ್ಲಿ ಆಗಲೇ ಹತ್ತಾರು ಜನ ಸೇರಿದ್ದರು. ಅಪ್ಪ ಮೂವತ್ತೊಂದು ವರ್ಷ ಮನೆಮನೆಯ ನೀರಿನ ಮೀಟರ್ ಓದಿದವರು. ಬೀದಿಗೆಲ್ಲ ಮೀಟರ್ ಮಾವ. ಭಾನುವಾರ ಮಾತ್ರ ಅವರು ಫುಟ್‌ಬಾಲ್ ಕ್ಲಬ್ಬಿನವರು. ಯಾರು ಎಷ್ಟು ಪಾಸ್ ಕೊಟ್ಟರು, ಎಷ್ಟು ಕಳೆದುಕೊಂಡರು, ಎಷ್ಟು ಸಲ ಎದುರಾಳಿಯ ಚೆಂಡು ಕಸಿದರು ಎಂದು ಪುಸ್ತಕದಲ್ಲಿ ಗೀಟು ಹಾಕುತ್ತಿದ್ದರು. ಕ್ಲಬ್ಬು ಅದಕ್ಕೆ ಕೊಡುತ್ತಿದ್ದದ್ದು ಒಂದು ಕುರ್ಚಿ, ಎರಡು ಲೋಟ ಚಹಾ.

"ಒಂದೇ ಮ್ಯಾಚಲ್ಲಿ ನನ್ನ ಹನ್ನೊಂದು ತಪ್ಪು ಬರೆದ ಪುಣ್ಯಾತ್ಮ," ಎಂದರು ಹಳೆಯ ಗೋಲ್‌ಕೀಪರ್. ಅವರನ್ನು ಎಲ್ಲರೂ ಗೋಡೆ ಎನ್ನುತ್ತಿದ್ದರು. ಈಗ ಅಗಲದಲ್ಲೂ ಹೆಸರಿಗೆ ತಕ್ಕಂತಿದ್ದರು. "ನನ್ನ ಹೆಂಡ್ತಿ ಕೂಡ ಅಷ್ಟು ಹಿಡಿದಿಲ್ಲ."

"ಅವಳಿಗೆ ಪುಸ್ತಕ ಸಾಕಾಗಿರಲ್ಲ ಬಿಡು," ಎಂದಿತು ಬಾಗಿಲ ಬಳಿಯ ದನಿ.

ಲೋಟಗಳ ತಟ್ಟೆ ಹಿಡಿದು ಒಳಗಿನಿಂದ ಬಂದ ಅವಳು ಆ ದನಿಯತ್ತ ತಿರುಗಿದಳು. ಕೂದಲು ನರೆತಿತ್ತು, ಉಗುರುಗಳಲ್ಲಿ ಟೈರಿನ ಕಪ್ಪು. ಆದರೂ ಒಂದು ಭುಜ ಮುಂದೆ ಚಾಚಿ ನಿಲ್ಲುವ ಆ ರೀತಿಯನ್ನು ಅವಳು ಎಲ್ಲಿದ್ದರೂ ಗುರುತಿಸುತ್ತಿದ್ದಳು. ಕ್ಲಬ್ಬಿನ ಹಳೆಯ ಡಿಫೆಂಡರ್, ನಾಲ್ಕನೇ ನಂಬರ್.

*

"ಚೆಂಡಿರೋ ಕಡೆ ಊರೇ ನೋಡುತ್ತೆ," ಎಂದಿದ್ದರು ಅಪ್ಪ. "ನೀನು ನಾಲ್ಕನೇ ನಂಬರ್ ಒಬ್ಬನನ್ನೇ ನೋಡು. ಗೋಲು ಹೊಡೆಯೋನು ಎಲ್ಲರಿಗೂ ಕಾಣ್ತಾನೆ. ಗೋಲು ಆಗದ ಹಾಗೆ ನೋಡ್ಕೊಳ್ಳೋನು ಯಾರ ಕಣ್ಣಿಗೂ ಬೀಳಲ್ಲ."

ಆಗ ಅವಳಿಗೆ ಹನ್ನೆರಡು. ಪುಸ್ತಕದ ಹಾಳೆಯಲ್ಲಿ ಗೀಟು ಹಾಕಲು ಆರು ಚೌಕದ ಮನೆ, ಒಂದೊಂದಕ್ಕೆ ಹದಿನೈದು ನಿಮಿಷ. ಆ ಭಾನುವಾರ ಐದು ಮನೆ ತುಂಬಿಸಿದಳು. ಅಷ್ಟರಲ್ಲಿ ಮೈದಾನದ ಮೆಟ್ಟಿಲ ಕೆಳಗಿನಿಂದ ಬೆಕ್ಕಿನ ಮರಿಗಳ ದನಿ ಕೇಳಿಸಿತು. ಒಂದು ನಿಮಿಷ ನೋಡಿ ಬರೋಣವೆಂದು, ಚೆಂಡಿನ ಮೇಲೇ ಕಣ್ಣಿಟ್ಟಿದ್ದ ಅಪ್ಪನಿಗೆ ಹೇಳದೆ ಹೋದವಳು, ಜನ ಎದ್ದು ಕೂಗಿದಾಗಲೇ ವಾಪಸು ಬಂದದ್ದು. ಆಟ ಮುಗಿದಿತ್ತು.

ಸಂಜೆ ಮೇಜಿನ ಮುಂದೆ ಅಪ್ಪ ಕೇಳಿದರು: "ಆರನೇ ಮನೆ ಖಾಲಿ ಇದೆಯಲ್ಲಮ್ಮ?"

"ಅವರು ಏನೂ ಮಾಡ್ಲಿಲ್ಲ ಅಪ್ಪ."

ಅಪ್ಪ ಪೆನ್ನಿನ ಮುಚ್ಚಳ ತೆಗೆದು, ಸೊನ್ನೆ ಬರೆದರು.

ಕ್ಲಬ್ಬು ಆ ವರ್ಷ ಇಬ್ಬರು ಡಿಫೆಂಡರುಗಳಲ್ಲಿ ಒಬ್ಬರನ್ನೇ ಉಳಿಸಿಕೊಳ್ಳುವುದಿತ್ತು. ಕೊನೆಗೆ, ನಾಲ್ಕನೇ ನಂಬರಿನವನಿಗೆ ದಮ್ಮು ಸಾಲದು ಎಂದು ಕೋಚ್ ಆ ಹಾಳೆ ತೋರಿಸಿ ಅವನನ್ನು ಕೈಬಿಟ್ಟರಂತೆ. ಅದಾದ ವಾರ ಅಪ್ಪ ಅವಳ ಮಣಿಕಟ್ಟಿನ ಮೇಲೆ ಬೆಕ್ಕಿನ ಮರಿ ಪರಚಿದ ಗೆರೆಗಳಿಗೆ ಮುಲಾಮು ಹಚ್ಚಿದರು. ಎಲ್ಲಿ ಆಯಿತೆಂದು ಕೇಳಲಿಲ್ಲ. ಮುಂದಿನ ಭಾನುವಾರದಿಂದ ಮೈದಾನಕ್ಕೂ ಹೋಗಲಿಲ್ಲ. ಮಂಡಿ ನೋವು ಎಂದರು. ಅದೇ ಮಂಡಿಯಲ್ಲಿ ಇನ್ನೂ ಹದಿನಾಲ್ಕು ವರ್ಷ ಮೀಟರ್ ಓದಲು ಬೀದಿ ಬೀದಿ ಅಲೆದರು.

*

ಹತ್ತೂವರೆ. ನಾಲ್ಕನೇ ನಂಬರ್ ಅಪ್ಪನ ಕಾಲ ಬಳಿ ಬಹಳ ಹೊತ್ತು ನಿಂತಿದ್ದು, ಅಡುಗೆಮನೆಯ ಬಾಗಿಲಿಗೆ ಬಂದರು.

"ನನ್ನ ಗುರುತು ಸಿಕ್ತೇನಮ್ಮ? ನೀನು ಚಿಕ್ಕವಳು, ಅಪ್ಪನ ಪಕ್ಕ ಕೂತಿರ್ತಿದ್ದೆ."

"ಸಿಕ್ತು ಅಣ್ಣ."

"ಅವರು ಒಂದು ಸಲ ನನ್ನ ಪಂಕ್ಚರ್ ಅಂಗಡಿ ಮೀಟರ್ ನೋಡೋಕೆ ಬಂದಿದ್ರು. ಗಾಜಿಗೆ ಮಣ್ಣು ಮೆತ್ತಿತ್ತು. ಸೊನ್ನೆ ಹಾಕ್ಕೊಳಿ ಮಾವ ಅಂದೆ. 'ಕಾಣದೇ ಇದ್ರೆ ನೋಡಲಾಗಲಿಲ್ಲ ಅಂತ ಬರೀಬೇಕಪ್ಪ, ಸೊನ್ನೆ ಬೇರೆ' ಅಂದ್ರು. ಆಮೇಲೆ ಏನೋ ಹೇಳೋಕೆ ಬಾಯಿ ತೆಗೆದು, ಹಾಗೇ ಹೊರಟುಹೋದ್ರು."

ಅವಳು ಒಲೆಯ ಉರಿ ಸಣ್ಣದು ಮಾಡಿದಳು. ಉರಿ ಆಗಲೇ ಸಣ್ಣದಿತ್ತು.

"ಸಿಟ್ಟೇನಿಲ್ಲ ನಂಗೆ," ಎಂದರು ಅವರು. "ಒಂದೇ ಒಂದು ಕೊರೀತಾ ಇರುತ್ತೆ. ಕೊನೇ ಕಾಲು ಗಂಟೆ ಏನೂ ಮಾಡ್ಲಿಲ್ಲ ಅಂತ ಬಂತಲ್ಲ, ಆದ್ರೆ ನನ್ನ ಜ್ಞಾಪಕದಲ್ಲಿ ನಾನು ಓಡಿದ್ದೀನಿ. ಮೂರು ಸಲ ಗೋಲಿನ ಗೆರೆ ಮೇಲಿಂದ ಚೆಂಡು ತೆಗೆದಿದ್ದೀನಿ. ಇಪ್ಪತ್ತೆರಡು ವರ್ಷ ಆಯ್ತು. ನಾನೇ ಕಟ್ಟಿಕೊಂಡ ಕತೆನಾ ಇದು ಅಂತ ಅನ್ನಿಸುತ್ತೆ ಒಮ್ಮೊಮ್ಮೆ. ಆ ಹಾಳೆ ಇದ್ರೆ ಒಂದ್ಸಲ ತೋರಿಸ್ತೀಯಾ ತಾಯಿ?"

ಈಗ ಹೇಳಿಬಿಡಬಹುದಿತ್ತು.

"ಎಲ್ಲಿಟ್ಟಿದ್ದಾರೋ ಅಣ್ಣ... ಇವತ್ತು ಈ ಗದ್ದಲದಲ್ಲಿ... ಹುಡುಕಿ ಇಟ್ಟಿರ್ತೀನಿ."

"ಆಗಲಿ ಆಗಲಿ. ಇಂಥ ದಿನ ಕೇಳಿದ್ದೇ ತಪ್ಪು."

ಹೊರಗೆ ವ್ಯಾನಿನ ಹಾರ್ನ್ ಕೇಳಿಸಿತು. ಗೋಡೆ ತೋಳು ಮಡಚುತ್ತಾ ಕರೆದರು: "ಬಾರೋ ನಾಲ್ಕು, ಎಡಗಡೆ ನೀನು ಹಿಡ್ಕೋ. ಯಾವತ್ತೂ ಅದೇ ಅಲ್ವಾ ನಿನ್ನ ಜಾಗ."

ನಾಲ್ಕನೇ ನಂಬರ್ ಬಗ್ಗಿ ಅಪ್ಪನ ಎಡಭುಜದಡಿ ಕೈ ಹಾಕುತ್ತಿದ್ದಂತೆ, ಒಳಗಿನ ಕೋಣೆಯಿಂದ ಮಗಳು ಬಂದಳು. ಎದೆಗವಚಿಕೊಂಡಿದ್ದದ್ದು ನೀಲಿ ರಟ್ಟಿನ ಪುಸ್ತಕ. ಬೆಳಗಿನಿಂದಲೂ ಒಂದು ಪುಟದ ನಡುವೆ ಬೆರಳಿಟ್ಟುಕೊಂಡೇ ಓಡಾಡಿದ್ದಳೇನೋ.

"ಮಾಮ, ನಾಲ್ಕನೇ ನಂಬರ್ ಅಂದ್ರೆ ನೀವೇನಾ?"

"ಪುಟ್ಟಿ, ಒಳಗೆ ಹೋಗು," ಎಂದಳು ಅವಳು.

ಮಗಳು ಹೋಗಲಿಲ್ಲ. ಎಲ್ಲರ ನಡುವೆ ಪುಸ್ತಕ ಬಿಡಿಸಿ, ಆರನೇ ಮನೆಯ ಕೆಳಗೆ ಬೆರಳಿಟ್ಟಳು. ನಾಲ್ಕನೇ ನಂಬರ್ ಕೈ ಹಾಗೇ ಇಟ್ಟುಕೊಂಡು ತಲೆಯೆತ್ತಿದರು.

"ಇಲ್ಲಿ ತಾತ ಸೊನ್ನೆ ಹೊಡೆದುಹಾಕಿ 'ನೋಡಲಾಗಲಿಲ್ಲ' ಅಂತ ಬರೆದಿದ್ದಾರೆ. ಮೇಲೆ, ನೋಡಿದವಳು ಮಗಳು ಅಂತಿದೆ. ಅಮ್ಮಾ, ಆಗ ನೀನೆಲ್ಲಿದ್ದೆ?"