ಮಷೀನು ನಿಲ್ಲಿಸಿ

ಗಿಟಾರು, ಈಜು, ಮೇಣದಬತ್ತಿ ವ್ಯಾಪಾರ, ಎಲ್ಲವನ್ನೂ ಅರ್ಧಕ್ಕೇ ಕೈಬಿಟ್ಟವಳು ನಾನು. ಈಗ ಯಾರ್ಯಾರಿಗೆ ಯಾವ್ಯಾವ ಹುಚ್ಚು ಅಂತ ಅವರ ಬಾಯಲ್ಲೇ ಕೇಳುವ ಪಾಡ್‌ಕಾಸ್ಟ್ ಶುರು ಮಾಡ್ತೀನಿ ಅಂದಾಗ ಅಕ್ಕ ಪೇಪರಿನಿಂದ ತಲೆಯನ್ನೇ ಎತ್ತಲಿಲ್ಲ. "ಇದು ಎಷ್ಟು ದಿನ?" ಅಂದಳು. ಮೈಯೆಲ್ಲ ಉರಿಯಿತು. ಮೈಕು ಹಿಡಿದು ಸೀದಾ ನಮ್ಮಿಬ್ಬರ ಬಟ್ಟೆ ಹೊಲಿಯುವ ನಮ್ಮ ಬೀದಿಯ ದರ್ಜಿಯ ಅಂಗಡಿಗೆ ನುಗ್ಗಿದೆ.

"ಮಷೀನು ನಿಲ್ಲಿಸಿ, ಸದ್ದು ಬರುತ್ತೆ," ಅಂದೆ. ನಿಲ್ಲಿಸಿದರು. "ನಿಮಗೆ ಯಾವುದರ ಹುಚ್ಚು, ಹೇಳಿ."

"ಏನಿಲ್ಲಮ್ಮ. ಹೊಲೀತೀನಿ, ಅಷ್ಟೆ."

ನಾನು ಬಿಡಲಿಲ್ಲ. ಸ್ಟೂಲಿನ ಮೇಲೆ ಕೂತು ಕಾಲಾಡಿಸುತ್ತ ಹನ್ನೊಂದು ಪ್ರಶ್ನೆ ಕೇಳಿದೆ. ಹನ್ನೊಂದಕ್ಕೂ ಬರೀ ಹೂಂ, ಊಹೂಂ. ತಲೆಕೆಟ್ಟು ಮೈಕು ಆಫ್ ಮಾಡಿ ಬ್ಯಾಗಿಗೆ ತುರುಕಿದೆ.

ಸದ್ಯ ಅನ್ನುವಂತೆ ಉಸಿರುಬಿಟ್ಟು ಅವರು ಪೆಡಲು ತುಳಿದರು. ಸೂಜಿ ಓಡಿತು, ಅದರ ಜೊತೆಗೇ ಮಾತೂ ಓಡಿತು. "ಉಳಿದ ತುಂಡುಬಟ್ಟೆ ಎಸೆಯೋಕೆ ಮನಸ್ಸು ಬರಲ್ಲಮ್ಮ. ಪ್ರತಿ ಅಂಗಿಯ ಒಳಗೂ ಒಂದು ಪುಟ್ಟ ಜೇಬು ಇಟ್ಟುಬಿಡ್ತೀನಿ. ಯಾರೂ ಕೇಳಿರಲ್ಲ, ನಾನೂ ಹೇಳಲ್ಲ. ನಲವತ್ತು ವರ್ಷ ಆಯ್ತು."

ಕೈ ಬ್ಯಾಗಿನಲ್ಲಿದ್ದ ಮೈಕಿಗೆ ಹೋಗಬೇಕಿತ್ತು. ಹೋದದ್ದು ನನ್ನ ಅಂಗಿಯೊಳಕ್ಕೆ. ಅವರೇ ಹೊಲಿದದ್ದು, ಮೂರು ವರ್ಷದಿಂದ ಹಾಕುತ್ತಿದ್ದೇನೆ. ಹೊಲಿಗೆಯ ಪಕ್ಕ ತಡಕಿದೆ. ಬೆರಳು ಜೇಬಿಗಿಳಿಯಿತು.

ಮನೆಗೆ ಬಂದಾಗ ಅಕ್ಕ, "ಎಲ್ಲಿ, ಕೇಳಿಸು," ಅಂದಳು. ಕೇಳಿಸೋದಕ್ಕೆ ಏನೂ ಇರಲಿಲ್ಲ. ನಡೆದದ್ದನ್ನೆಲ್ಲ ಹೇಳಿದೆ.

ಅವಳು ಪೇಪರು ಕೆಳಗಿಟ್ಟು, ತಾನು ತೊಟ್ಟಿದ್ದ ಅಂಗಿಯ ಒಳಗೆ ಮೆಲ್ಲಗೆ ತಡಕತೊಡಗಿದಳು.