ಒಂದು ಮೊಳ ಫಿಲ್ಮು

ಫಿಲ್ಮಿನ ತುಂಡನ್ನು ಎರಡೂ ತುದಿಯಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಎತ್ತಿದೆ. ಮೊದಲ ಚೌಕದಲ್ಲಿ ಬೆನ್ನು, ಜಡೆ. ಐದನೆಯದರಲ್ಲಿ ಒಂದು ಕಿವಿ. ಒಂಬತ್ತನೆಯದರಲ್ಲಿ ಕೆನ್ನೆ. ಹದಿನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಎರಡೂ ಕಣ್ಣು ನನ್ನ ಕಡೆಗಿದ್ದವು. ಉಳಿದ ಹತ್ತು ಚೌಕಗಳಲ್ಲಿ ಅವಳು ಸುಮ್ಮನೆ ನೋಡುತ್ತಲೇ ಇದ್ದಳು.

"ಅಂಚಿಗೆ ಹಿಡೀರಿ ರಾಯರ, ನಡುವ ಬೆರಳ ತಾಗಸಬ್ಯಾಡ್ರಿ," ಅಂದ ಜಮಾಲಸಾಬ.

"ಇಪ್ಪತ್ತು ವರ್ಷ ಹಿಡದೀನಿ ಜಮಾಲಸಾಬರ. ನನಗ ಕಲಸ್ತೀರೇನು?"

"ಮರತಿರಬೇಕು ಅಂದ್ನಿ. ಈಗ ಪಂಪಿನ ಮೋಟಾರ ಸುತ್ತೂ ಕೈ ಅಲ್ಲೇನ್ರಿ?"

ನಕ್ಕ. ಅವನ ನಗೆಯಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಸಿನಿಮಾದ ನಾಯಕಿ ಹೊರಳಿ ನೋಡಿದ್ದಳು. ಅಂದರೆ ಹನ್ನೆರಡು ವರ್ಷಗಳ ಹಿಂದೆ ನನ್ನ ಹೆಂಡತಿ ಸುಮನ್ ಹೇಳಿದ್ದು ನಿಜ. ಸುಮನ್ ಆಗ ಪರದೆಯ ಆಚೆ, ಅಡುಗೆಮನೆಯಲ್ಲಿ, ಜಮಾಲಸಾಬನ ಹೆಂಡತಿ ಹಾಜರಾಬಿಯ ಜೊತೆ ಕೂತಿದ್ದಳು. ಇಬ್ಬರೂ ಅಂದೇ ಮೊದಲು ಭೆಟ್ಟಿಯಾದವರು, ಆದರೆ ಒಳಗಿನಿಂದ ಬರುತ್ತಿದ್ದ ಮಾತು ಹಳೆಯ ಗೆಳತಿಯರದಂತಿತ್ತು.

ಜಮಾಲಸಾಬ ಶಿಗ್ಗಾವಿಯ ನವಜೀವನ ಟಾಕೀಜಿನ ಆಪರೇಟರ್ ಆಗಿದ್ದವನು. ನಾನು ಹಿರೇಕೆರೂರಿನ ಚಂದ್ರಿಕಾ ಟಾಕೀಜಿನಲ್ಲಿ ಅದೇ ಕೆಲಸ ಮಾಡಿದವನು. ಊರೂರಿಗೆ ವಿಡಿಯೋ ಬಂದ ಮೇಲೆ ಎರಡೂ ಮುಚ್ಚಿದವು. ಅವನ ಟಾಕೀಜಿನಲ್ಲಿ ಈಗ ಶೇಂಗಾ ಚೀಲ ಒಟ್ಟಿದ್ದಾರೆ. ನನ್ನದನ್ನು ಕಳೆದ ಬೇಸಿಗೆಯಲ್ಲಿ ಕೆಡವಿದರು. ಯಂತ್ರ ಹುಬ್ಬಳ್ಳಿಯ ಗುಜರಿಗೆ ಹೋಯಿತು, ಬೆಂಚುಗಳು ಯಾರು ಯಾರದೋ ಕಟ್ಟೆಗೆ ಹೋದವು, ತಗಡುಗಳು ದನದ ಕೊಟ್ಟಿಗೆಯ ಮೇಲೆ ಕೂತವು. ಯಂತ್ರದ ಕೋಣೆಯಿಂದ ಪರದೆಗೆ ಬೆಳಕು ಬೀಳುತ್ತಿದ್ದ ಆ ಎರಡು ಚೌಕ ಕಿಂಡಿಗಳಿದ್ದ ಗೋಡೆಯನ್ನಾದರೂ ಉಳಿಸಿ ಎಂದು ಮಾಲೀಕರ ಮಗನಿಗೆ ಹೇಳಿದ್ದೆ. ಕಿಂಡಿಯನ್ನು ಹೇಗೆ ಉಳಿಸುವುದು, ಅದು ಬರೇ ತೂತಲ್ಲವೇ ಎಂದು ಅವನು ಕೇಳಿದ. ಮುಚ್ಚಿದ ಮೇಲೂ ಜಮಾಲಸಾಬನದೇ ಮೇಲಾಯಿತು. ಅವನ ಗೋಡೆ ಇನ್ನೂ ನಿಂತಿದೆ.

ಸಿನಿಮಾದ ಪೆಟ್ಟಿಗೆ ಹುಬ್ಬಳ್ಳಿಯಿಂದ ಮೊದಲು ಶಿಗ್ಗಾವಿಗೆ ಬರುತ್ತಿತ್ತು. ಅಲ್ಲಿ ಆಡಿ ಸವಣೂರಿಗೆ, ಆಮೇಲೆ ಹಾನಗಲ್ಲಿಗೆ, ಕೊನೆಗೆ ಬಸ್ಸಿನ ನೆತ್ತಿಯ ಮೇಲೆ ಅಕ್ಕಿಆಲೂರು, ತಿಳವಳ್ಳಿ ದಾಟಿ ನನ್ನ ಬಳಿಗೆ. ಮೂರು ಊರು ನೋಡಿ ಬಿಟ್ಟದ್ದನ್ನು ನಾನು ತೋರಿಸಬೇಕು. ಪೆಟ್ಟಿಗೆ ಬಂದ ದಿನ ರೀಲನ್ನು ಬೆರಳ ನಡುವೆ ಹಾಯಿಸಿ ಜೋಡುಗಳನ್ನು ನೋಡಿಕೊಳ್ಳುವುದು ಆಪರೇಟರನ ಮೊದಲ ಕೆಲಸ. ಫಿಲ್ಮು ಹರಿದಲ್ಲಿ ಎರಡೂ ತುದಿ ಕತ್ತರಿಸಿ ಅಂಟಿಸಿದ ಗುರುತು ಅದು. ಕಣ್ಣು ಮುಚ್ಚಿ ಯಾವ ಜೋಡು ಯಾರದೆಂದು ಹೇಳಬಲ್ಲವನಾಗಿದ್ದೆ. ಸವಣೂರಿನದು ಸೊಟ್ಟ. ಹಾನಗಲ್ಲಿನದು ದಪ್ಪ, ಅಂಟು ಹೊರಗೆ ಒಸರಿರುತ್ತಿತ್ತು. ಜಮಾಲಸಾಬನದು ಬೆರಳಿಗೆ ಸಿಗುತ್ತಲೇ ಇರಲಿಲ್ಲ. ಉಗುರು ಹಾಯಿಸಿದರೆ ಮಾತ್ರ ತಿಳಿಯುತ್ತಿತ್ತು. ಅವನ ಮುಖ ನೋಡುವ ಮೊದಲೇ ನಾನು ಅವನ ಜೋಡಿನ ಮೇಲೆ ಹೊಟ್ಟೆಕಿಚ್ಚು ಪಟ್ಟವನು. ಹಾಳು ಫಿಲ್ಮಿನ ಮೇಲೆ ನೂರು ಸಲ ಅಭ್ಯಾಸ ಮಾಡಿದೆ. ನನ್ನ ಕೈಗೆ ಬರಲಿಲ್ಲ.

ಸುಮನ್ ಶಿಗ್ಗಾವಿಯ ಹುಡುಗಿ. ಎಪ್ಪತ್ನಾಲ್ಕರ ವೈಶಾಖದಲ್ಲಿ ನಮ್ಮ ಮದುವೆಯಾಯಿತು. ಅದಕ್ಕೂ ಒಂದು ತಿಂಗಳ ಮೊದಲು ಅವಳು ಒಂದು ಕಪ್ಪು ಬಿಳುಪು ಸಿನಿಮಾವನ್ನು ನವಜೀವನದಲ್ಲಿ ಮೂರು ಸಲ ನೋಡಿದ್ದಳು. ಅದೇ ಪೆಟ್ಟಿಗೆ ಶ್ರಾವಣದಲ್ಲಿ ಹಿರೇಕೆರೂರಿಗೆ ಬಂತು. ನನ್ನ ಟಾಕೀಜಿನಲ್ಲಿ ಅವಳು ನೋಡಿದ ಮೊದಲ ಸಿನಿಮಾ ಅದು. ಕೊನೆಯಲ್ಲಿ ನಾಯಕಿ ನಾಯಕನನ್ನು ಹೊಳೆಯ ದಂಡೆಯಲ್ಲಿ ಬಿಟ್ಟು ಮೆಟ್ಟಿಲು ಹತ್ತುತ್ತಾಳೆ. ನಮ್ಮ ಪರದೆಯ ಮೇಲೆ ಅವಳು ಹತ್ತುತ್ತಿದ್ದಳು, ಚಿತ್ರ ಒಮ್ಮೆ ಜಿಗಿಯುತ್ತಿತ್ತು, ಮೆಟ್ಟಿಲು ಖಾಲಿಯಾಗುತ್ತಿತ್ತು. ಅಷ್ಟೇ. ಎಂಥ ಕಲ್ಲೆದೆಯ ಹೆಣ್ಣು ಎಂದು ಇಡೀ ಹಿರೇಕೆರೂರು ಬೈಯಿತು. ಗೇಟಿನ ಹೊರಗೆ ಶೇಂಗಾ ಮಾರುತ್ತಿದ್ದ ತಿಪ್ಪವ್ವನಂತೂ ಎರಡು ವಾರ ದಿನಾ ಬೈದಳು: "ಹಾಳಾಗಿ ಹೋಗ್ಲಿ ಆಕಿ, ನಾಯಿ ಬಿಟ್ಟು ಹೋದ್ರೂ ಒಂದು ಸರ್ತಿ ಹೊಳ್ಳಿ ನೋಡ್ತಾರ!"

ಊಟಕ್ಕೆ ಕೂತಾಗ ಸುಮನ್ ಕೇಳಿದಳು.

"ಅಲ್ರಿ, ಆಕಿ ಹೊಳ್ಳಿ ನೋಡ್ತಾಳಲ್ಲ, ಅದು ಎಲ್ಲೆ ಹೋತು?"

"ಎಲ್ಲೂ ಹೋಗಿಲ್ಲ. ಆಕಿ ನೋಡೂದಿಲ್ಲ."

"ನೋಡ್ತಾಳ್ರಿ. ನಾ ಮೂರೂ ಸರ್ತಿ ಅಲ್ಲೇ ಅತ್ತೀನಿ."

"ನಿಂದು ಭ್ರಮಾ."

ಭ್ರಮೆಯಲ್ಲ ಎಂದು ನನಗೆ ಗೊತ್ತಿತ್ತು. ಪೆಟ್ಟಿಗೆ ಬಂದ ದಿನವೇ ಉಗುರಿಗೆ ಜಮಾಲಸಾಬನ ಜೋಡು ಸಿಕ್ಕಿತ್ತು, ಸರಿಯಾಗಿ ಆ ಮೆಟ್ಟಿಲುಗಳ ಮೇಲೆ. ಹೌದು, ಅಲ್ಲೊಂದು ತುಂಡು ಹೋಗಿದೆ ಎಂದು ಹೇಳಬಹುದಿತ್ತು. ಆದರೆ ಮದುವೆಯಾಗಿ ಮೂರು ತಿಂಗಳಾದ ಹೆಂಡತಿ ನನ್ನ ಟಾಕೀಜಿನಲ್ಲಿ ಕೂತು ಇನ್ನೊಬ್ಬನ ಟಾಕೀಜನ್ನು ನೆನೆಸಿಕೊಂಡಿದ್ದಳು. ಹೇಳಲಿಲ್ಲ. ಆಮೇಲೆಯೂ, ತವರಿಗೆ ಹೋಗಿ ಬಂದಾಗಲೆಲ್ಲ, "ಶಿಗ್ಗಾವ್ಯಾಗ ಹಿಂಗಿರಲಿಲ್ಲ" ಎಂದು ಶುರು ಮಾಡುತ್ತಿದ್ದಳು, ನಾನು "ಭ್ರಮಾ" ಅನ್ನುತ್ತಿದ್ದೆ. ಕೆಲವು ವರ್ಷಗಳಲ್ಲಿ ಅವಳು ಹೇಳುವುದನ್ನು ಬಿಟ್ಟಳು. ಗೆದ್ದೆ ಎಂದುಕೊಂಡೆ.

ಈಗ ಶಿಗ್ಗಾವಿಗೆ ಬಂದದ್ದು ಶ್ರೀನಿವಾಸನ ಕಾರಣಕ್ಕೆ. ಅವನು ಹಾನಗಲ್ಲಿನಲ್ಲಿ ಇತಿಹಾಸ ಕಲಿಸುವ ಹುಡುಗ. ಹಳೆಯ ಟಾಕೀಜುಗಳೆಲ್ಲ ಬೀಳುತ್ತಿವೆ, ನೆನಪಿಗೆಂದು ಏನಾದರೂ ಇಡಬೇಕು ಎಂದು ವಾಚನಾಲಯದ ಹಿಂದಿನ ಕೋಣೆಯಲ್ಲಿ ನಾಲ್ಕು ತಾಲೂಕಿಗೆ ನಾಲ್ಕು ಕಪಾಟು ಮಾಡಿಸಿದ್ದ. ಹಾನಗಲ್ಲಿನವರು ಟಿಕೀಟಿನ ಕಿಟಕಿಯ ಹಲಗೆ ಕೊಟ್ಟರು. ಸವಣೂರಿನವರು ಮಸೂರ ಕೊಟ್ಟರು. ಶಿಗ್ಗಾವಿಯ ಜಮಾಲಸಾಬನ ಬಳಿ ಇಪ್ಪತ್ತೈದು ವರ್ಷದ ಫಿಲ್ಮಿನ ತುಂಡುಗಳು ಒಂದು ಡಬ್ಬಿ ತುಂಬ ಇವೆಯೆಂದು ಯಾರೋ ಹೇಳಿದ್ದರು. ಹಿರೇಕೆರೂರಿನದು ಮಾತ್ರ ಏನೂ ಇರಲಿಲ್ಲ. "ರವಿವಾರ ಉದ್ಘಾಟನಾ ಅದ ಕಾಕಾ," ಅಂದಿದ್ದ ಶ್ರೀನಿವಾಸ. "ಏನೂ ಸಿಗಲಿಲ್ಲಂದ್ರ ನಿಮ್ಮೂರಿನ ಚೀಟಿ ತಗದು ಮೂರೇ ಕಪಾಟು ಇಡ್ತೀನಿ. ಖಾಲಿ ಕಪಾಟು ಚಂದ ಕಾಣೂದಿಲ್ಲ."

ಆ ರಾತ್ರಿಯೆಲ್ಲ ಯೋಚಿಸಿ ಒಂದು ತೀರ್ಮಾನಕ್ಕೆ ಬಂದಿದ್ದೆ. ಜಮಾಲಸಾಬನ ಡಬ್ಬಿಯಲ್ಲಿರುವುದು ಶಿಗ್ಗಾವಿಯದಲ್ಲ. ಅದು ನಮ್ಮ ಪರದೆಯ ಮೇಲೆ ಬೀಳಬೇಕಾಗಿದ್ದ ಬೆಳಕು. ಕೇಳಿಕೊಳ್ಳಲು ಅಲ್ಲ, ವಸೂಲಿ ಮಾಡಲು ಹೋಗುತ್ತಿದ್ದೇನೆ. ಇದನ್ನು ಸುಮನ್‌ಗೆ ಹೇಳಿರಲಿಲ್ಲ. ತವರೂರೆಂದು ಅವಳೂ ಹೊರಟಳು.

ತುಂಡನ್ನು ಬೆಳಕಿನಿಂದ ಇಳಿಸಿ ಜಮಾಲಸಾಬನಿಗೆ ಹೇಳಿದೆ:

"ಇದು ನಮ್ಮ ಪಾಲು."

"ಪಾಲು?" ಅವನಿಗೆ ಅರ್ಥವಾಗಲಿಲ್ಲ. "ಹರದ ತುಂಡಿಗೆ ಯಾವ ಪಾಲು ರಾಯರ?"

"ಹರದದ್ದು ಹಿಂಗ ಇರೂದಿಲ್ಲ. ತುದಿ ನೋಡ್ರಿ. ಚೌಕದ ಗೆರಿ ಮ್ಯಾಲೇ ಬ್ಲೇಡು ಹಾಕೀರಿ. ಎರಡೂ ಕಡೆ."

ಜಮಾಲಸಾಬ ತುದಿ ನೋಡಲಿಲ್ಲ. ಪರದೆಯ ಕಡೆ ನೋಡಿದ. ಆಮೇಲೆ ಚಾಪೆಯ ಮೇಲೆ ನನ್ನತ್ತ ಸರಿದು ದನಿ ತಗ್ಗಿಸಿದ.

"ನಮ್ಮವ್ವ ಇರೂತನಕ ಈಕೀನ ಟಾಕೀಜಿಗೆ ಬಿಡಲಿಲ್ರಿ. ಆಪರೇಟರನ ಹೇಣ್ತಿನ ಹೋಗಿ ಕುಂತ್ರ, ಫುಕಟ್ ಸಿನಿಮಾ ನೋಡಾಕ ಬಂದಾಳ ಅಂತಾರ ಮಂದಿ, ಅಂತಿದ್ಲು. ನಮ್ಮವ್ವನ ಮಾತು ಮೀರೂದು ನನಗ ಆಗಲಿಲ್ಲ. ಬ್ಯಾರೆ ಗಂಡಸರು ಹೇಣ್ತಿಗೆ ಒಂದು ಮೊಳ ಮಲ್ಲಿಗಿ ಒಯ್ತಾರ. ನಾ ಒಂದು ಮೊಳ ಇದನ್ನ ಒಯ್ತಿದ್ದೆ."

ಒಂದು ಮೊಳ ಅಂದರೆ ಇಪ್ಪತ್ತನಾಲ್ಕು ಚೌಕ. ಪರದೆಯ ಮೇಲೆ ಒಂದೇ ಒಂದು ಸೆಕೆಂಡು. ಆಪರೇಟರನಾದವನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

"ಊರ ಮಂದಿಗೆ ಒಂದು ಸೆಕೆಂಡು ಹೋತು, ಏನ ಮಹಾ," ಅಂದ. "ಆಕಿಗೆ ಒಂದು ವಾರ ಆಗ್ತಿತ್ತು. ಒಲಿ ಮುಂದ ಕುಂತು ನೋಡೂದು, ಅಂಗಳದಾಗ ನಿಂತು ನೋಡೂದು."

"ನಿಮ್ಮೂರ ಮಂದಿಗೆ ಹೋತೇನು?"

ಅವನು ಒಪ್ಪಿಕೊಂಡ. "ಇಲ್ಲ. ಪೆಟ್ಟಿಗಿ ಸವಣೂರಿಗೆ ಹೋಗೂ ಮುಂಜಾನೆ ಕೊಯ್ತಿದ್ದೆ. ನಮ್ಮೂರಾಗ ಎಲ್ಲಾರೂ ನೋಡಿದ ಮ್ಯಾಲೆ."

"ಮತ್ತ ಇದ ಸೆಕೆಂಡು ಬೇಕಂತ ಹ್ಯಾಂಗ ಆರಿಸ್ತಿದ್ರಿ?"

ಅವನ ಮುಖ ಅರಳಿತು. ಕಸುಬಿನ ಮಾತು ಕೇಳಿದೆನೆಂದು ಅವನಿಗೆ ಸಂತೋಷವಾಗಿತ್ತು.

"ಹೆಂಗಸರ ಕಡೆ ಕಿವಿ ಇಟ್ಟಿರ್ತಿದ್ನಿ. ಎಲ್ಲಿ ಮೂಗು ಸುರ್ ಸುರ್ ಅಂತಾವೋ ಅಲ್ಲಿ ಒಂದು ಚೀಟಿ ಸಿಗಸ್ತಿದ್ನಿ. ದಿನಾ ಅದ ಜಾಗಾದಾಗ ಅತ್ರ, ಅದು ಖರೇ. ಈ ಸಿನಿಮಾಕ್ಕ ಒಬ್ಬಾಕಿ ಮೂರು ಸರ್ತಿ ಬಂದಿದ್ಲು ನೋಡ್ರಿ, ಮೂರೂ ಸರ್ತಿ ಎಲ್ಲಾರಕಿಂತ ಜೋರ ಅತ್ಲು. ಯಾರ ಮನಿ ಹುಡುಗಿನೋ. ಆಕಿ ಅತ್ತ ಕಡೆನ ಚೀಟಿ ಇಟ್ನಿ."

ನಾನು ತುಂಡನ್ನು ಚಾಪೆಯ ಮೇಲೆ ಇಟ್ಟೆ. ಚೌಕಗಳ ಮೇಲೆ ನನ್ನ ಹೆಬ್ಬೆರಳಿನ ಗುರುತು ಬಿದ್ದಿತ್ತು. ಜಮಾಲಸಾಬ ಅದನ್ನು ನೋಡಿದ, ಏನೂ ಅನ್ನದೆ ತನ್ನ ಲುಂಗಿಯ ಅಂಚಿನಿಂದ ಒರೆಸಿದ.

ಒಳಗೆ ಸುಮನ್ ಕಥೆ ಹೇಳುತ್ತಿದ್ದಳು.

ಯಾವ ಕಥೆ ಎಂದು ತಿಳಿಯಲು ಎರಡು ವಾಕ್ಯ ಸಾಕಾಯಿತು. ಅವಳು ಹೊಳೆಯ ದಂಡೆಗೆ ಬಂದಿದ್ದಳು. "ಅಂವಾ ಕರೀತಾನಂತ ಆಕಿ ಕಾಯ್ತಾಳ. ಅಂವಾ ಕರಿಯೂದಿಲ್ಲ. ಗಂಡಸರು ನೋಡ್ರಿ ಅಕ್ಕಾ, ಬಾಯಾಗ ಏನ್ ತುಂಬಿಕೊಂಡಿರ್ತಾರೋ. ಆಕಿ ಒಂದು ಮೆಟ್ಟಲಾ ಹತ್ತತಾಳ, ನಿಂದರ್ತಾಳ. ಇನ್ನೊಂದು ಹತ್ತತಾಳ..." ದನಿ ಮೆಟ್ಟಿಲು ಮೆಟ್ಟಿಲಾಗಿ ಏರುತ್ತಿತ್ತು. ಈ ದನಿಯನ್ನು ನಾನು ಕೇಳಿರಲಿಲ್ಲ. ನನಗೆ ಹೇಳುವಾಗ ಅವಳು ಯಾವಾಗಲೂ ಪ್ರಶ್ನೆ ಕೇಳುವವಳಂತೆ ಹೇಳುತ್ತಿದ್ದಳು. ನಾನು ಎಲ್ಲಿ ತಡೆಯುತ್ತೇನೋ ಎಂದು.

"ಹೊಳ್ಳಿ ನೋಡ್ತಾಳ," ಅಂದಳು ಸುಮನ್.

"ಅಯ್ಯ ನನ್ನ ತಂಗಿ!" ಹಾಜರಾಬಿ ಗಟ್ಟಿಯಾಗಿ ನಕ್ಕಳು. "ನಾ ಇಷ್ಟ ವರ್ಷ ಆಕಿ ಬುತ್ತಿ ಮರತು ಬಂದಾಳ, ಅದಕ್ಕ ಹೊಳ್ಳಿ ನೋಡಾಕತ್ತಾಳ ಅಂದ್ಕೊಂಡಿದ್ನೆಲ್ಲ!"

ಇಬ್ಬರೂ ನಕ್ಕರು. ಆಮೇಲೆ ನಗು ನಿಂತಿತು. ಯಾರೋ ಮೂಗು ಒರೆಸಿಕೊಂಡರು, ಯಾರೆಂದು ತಿಳಿಯಲಿಲ್ಲ.

"ನೀವು ಕಥಿ ಹೇಳಿರಲಿಲ್ಲೇನು?" ಎಂದು ಜಮಾಲಸಾಬನನ್ನು ಕೇಳಿದೆ.

"ನನಗ ಹೇಳಾಕ ಬರೂದಿಲ್ರಿ. ತುಂಡು ಕೊಡ್ತಿದ್ನಿ. ಕಥಿ ಆಕೀನ ಕಟ್ಕೋತಿದ್ಲು." ಅವನು ಪರದೆಯ ಕಡೆ ಕಿವಿಯಾಗಿ ಕೂತಿದ್ದ. "ನಿಮ್ಮ ಮನಿಯಾಗಿನವರು ಛೊಲೊ ಹೇಳ್ತಾರ. ದಿನಾ ಕೇಳೂ ನಸೀಬ ನಿಮ್ಮದು."

ನಾನೂ ಪರದೆಯ ಕಡೆ ನೋಡಿದೆ.

ಪರದೆ ಸರಿಯಿತು. ಸುಮನ್ ಹೊರಗೆ ಬಂದಳು. ಕಣ್ಣು ಕೆಂಪಾಗಿತ್ತು, ಮುಖ ಹದಿನೆಂಟರ ಹುಡುಗಿಯದಾಗಿತ್ತು. ಎರಡೂ ಕೈಯಲ್ಲಿ ಒಂದು ಹಳೆಯ ಬಿಸ್ಕೀಟಿನ ಡಬ್ಬಿ ಹಿಡಿದಿದ್ದಳು. ಮುಚ್ಚಳದ ಬಣ್ಣ ಕೈ ತಾಗಿ ತಾಗಿ ಹೋಗಿತ್ತು.

"ಏನ್ರಿ, ಅಕ್ಕಾರು ಪೂರ್ತಿ ಡಬ್ಬಿನ ಕೊಟ್ಟಾರ," ಅಂದಳು. "ಶಿಗ್ಗಾವಿ ಕಪಾಟಿಗಲ್ಲ, ನಮಗ. ಹಿರೇಕೆರೂರ ಅಂತ ಚೀಟಿ ಹಚ್ಚಿ ಇಡ್ರಿ ಅಂದಾರ."

ಜಮಾಲಸಾಬ ತಲೆ ಎತ್ತಿ ಹೆಂಡತಿಯ ಮಾತಿಗೆ ಕಾದ. ಪರದೆಯ ಹಿಂದಿನಿಂದ ಹಾಜರಾಬಿ ಹೇಳಿದಳು:

"ಹೌದ್ರಿ ಅಣ್ಣಾರ. ಇವೆಲ್ಲಾ ನಿಮ್ಮೂರಾಗ ಬೀಳಬೇಕಾದ್ವು, ನಾ ಇಟ್ಕೊಂಡು ಕುಂತಿದ್ನಿ. ನಮ್ಮ ಟಾಕೀಜಿಂದು ಬ್ಯಾರೆ ಏನರ ಹುಡುಕಿ ಕೊಡ್ತೇವಿ. ನನಗ ತುಂಡು ಯಾಕ ಇನ್ನ? ತಂಗಿ ವರ್ಷಕ್ಕೆರಡು ಸರ್ತಿ ಬರ್ತೇನಿ ಅಂದಾಳ, ಒಂದೊಂದ ಸಿನಿಮಾ ಹೇಳ್ತೇನಿ ಅಂದಾಳ. ಅಷ್ಟ ಸಾಕು."

"ಇದರಾಗ ನಾ ನೋಡಿದ ಸಿನಿಮಾ ಒಟ್ಟು ಇಪ್ಪತ್ತಾರು ಅವ," ಅಂದಳು ಸುಮನ್. "ಎಲ್ಲಾ ನೆನಪವ."

ಜಮಾಲಸಾಬ ಚಾಪೆಯ ಮೇಲಿನ ತುಂಡನ್ನು ಸುರುಳಿ ಸುತ್ತಿ, ಡಬ್ಬಿಯ ಮುಚ್ಚಳ ತೆಗೆದು, ಉಳಿದವುಗಳ ನಡುವೆ ಇಟ್ಟ. ಒಳಗೆ ನೂರಾರು ಸುರುಳಿಗಳಿದ್ದವು, ಪ್ರತಿಯೊಂದಕ್ಕೂ ಒಂದೊಂದು ಬಣ್ಣದ ದಾರ ಕಟ್ಟಿತ್ತು. ಶ್ರೀನಿವಾಸ ಇದನ್ನು ನೋಡಿದರೆ ಕುಣಿಯುತ್ತಾನೆ. ನಾಲ್ಕು ಕಪಾಟುಗಳಲ್ಲಿ ಜನ ಗುಂಪು ಕಟ್ಟುವುದು ನಮ್ಮದರ ಮುಂದೆಯೇ. ಚಂದ್ರಿಕಾ ಟಾಕೀಸ್, ಹಿರೇಕೆರೂರ. ಗಾಜಿನ ಒಳಗೆ ಅವನ ಬ್ಲೇಡು, ಇವಳ ಕಣ್ಣೀರು, ಒಲೆಯ ಮುಂದೆ ಕೂತ ಆ ಹೆಂಗಸಿನ ವಾರಗಳು. ಅದರಲ್ಲಿ ನನ್ನದು ಆ ಚೀಟಿಯೊಂದೇ.

"ಬಸ್ಸು ನಾಕೂವರಿಗೆ ಅದ," ಅಂದಳು ಸುಮನ್, ಡಬ್ಬಿಯನ್ನು ನನ್ನ ಎದೆಯ ಹತ್ತಿರ ತಂದು. "ರವಿವಾರಕ್ಕ ಎರಡ ದಿನ ಉಳದಾವ. ಹಿಡೀರಿ."

"ಒಲ್ಲೆ," ಅಂದೆ.